ಕಪಾಟಿನಲ್ಲಿದ್ದ ಸರ್ಟಿಫಿಕೇಟು

ಮುಂಬಯಿ ಹತ್ತಿರದ ಡೊಂಬಿವಲಿಯ ಒಂದು ಕಾಲೇಜಿನಲ್ಲಿ ನಾನು ಗುಮಾಸ್ತ. ನಮ್ಮ ಆಫೀಸಿನ ಹೊರಗಿನ ಬೆಂಚಿನ ಮೇಲೆ ಯೋಗೀಶ ಕೂತಿರುವುದು ನನಗೊಬ್ಬನಿಗೇ ಕಾಣುತ್ತದೆ. ಅವನೇನು ಸತ್ತಿಲ್ಲ. ಮಹಾಪೆಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೈತುಂಬ ಸಂಬಳ ತೆಗೆದುಕೊಳ್ಳುತ್ತಾನೆ. ಆದರೂ ಜುಲೈ ಬಂತೆಂದರೆ ಹದಿನೆಂಟರ ಯೋಗೀಶ ಅಲ್ಲಿ ಕೂತು ಗೋಡೆಯ ಗಡಿಯಾರ ನೋಡುತ್ತಿರುತ್ತಾನೆ. ಕಣ್ಣಿನ ಡಾಕ್ಟರಿಗೂ ತೋರಿಸಿಕೊಂಡೆ. ಕನ್ನಡಕ ಬದಲಾಯಿತು, ಅವನು ಹೋಗಲಿಲ್ಲ.

2004ರಲ್ಲಿ ಅವನು ನಮ್ಮಲ್ಲಿ ಕಂಪ್ಯೂಟರ್ ಸೈನ್ಸಿಗೆ ಸೇರಿದ್ದ. ಅಂಬರನಾಥದ ಗುಡಿಯ ಕೆತ್ತನೆಗಳನ್ನು ನೋಡಿ ನೋಡಿ ಪುಸ್ತಕದ ತುಂಬ ಚಿತ್ರ ಬರೆದವನು. ಅವನಿಗೆ ಬೇಕಿದ್ದದ್ದು ಇತಿಹಾಸ. ಥಾಣೆಯ ಕಾಲೇಜಿನ ಕೊನೆಯ ಪಟ್ಟಿಯಲ್ಲಿ ಬಿಎಗೆ ಹೆಸರು ಬಂತು. ಅವತ್ತೇ ನಾಲ್ಕು ಗಂಟೆಯೊಳಗೆ ಮೂಲ ಲೀವಿಂಗ್ ಸರ್ಟಿಫಿಕೇಟು, ಅಂದರೆ ಟಿಸಿ, ಅಲ್ಲಿ ಕೊಡದಿದ್ದರೆ ಸೀಟು ಹೋಗುತ್ತಿತ್ತು. ನಮ್ಮಲ್ಲಿ ಸೇರುವಾಗ ಕೊಟ್ಟಿದ್ದ ಅದು ನನ್ನ ಕಪಾಟಿನಲ್ಲಿತ್ತು.

ಅವನಿಗಿಂತ ಮೊದಲೇ ಅವನ ಅಪ್ಪ ಚೆನ್ನಯಣ್ಣ ಬಂದಿದ್ದರು. ಕಲ್ಯಾಣದಲ್ಲಿ ಹೋಟೆಲ್ ಕ್ಯಾಶಿಯರ್, ನಮ್ಮೂರ ಕಡೆಯವರು.

"ಬಿಎ ಮಾಡಿ ಇವ ಎಂತ ಮಾಡುದು ಮಾರಾಯ್ರೆ? ನನ್ನ ಹಾಗೆ ಕ್ಯಾಶಲ್ಲಿ ಕೂರುದಾ? ಇವತ್ತೊಂದು ದಿನ ಕೊಡ್ಬೇಡಿ."

ನನಗೂ ಅದೇ ಸರಿ ಕಂಡಿತು. ಡಿಗ್ರಿ ಅಂದರೆ ಕೆಲಸ, ಮತ್ತೇನು? ಕಪಾಟಿನ ಕೀಲಿಕೈ ಸಾಹೇಬರ ಹತ್ತಿರ ಇದೆ ಎಂದು ಹುಡುಗನಿಗೆ ಸುಳ್ಳು ಹೇಳಿದೆ. ಐದರವರೆಗೆ ಬೆಂಚಿನ ಮೇಲೆ ಕೂತಿದ್ದು ಎದ್ದು ಹೋದ. ಮೂರು ವರ್ಷದ ಮೇಲೆ ಕೆಲಸ ಸಿಕ್ಕಾಗ ಚೆನ್ನಯಣ್ಣ ಪೇಡೆ ತಂದುಕೊಟ್ಟರು. ನಾನು ನಾಚಿಕೆಯಿಲ್ಲದೆ ತಿಂದೆ. ಬೆಂಚಿನ ಮೇಲೆ ಅವನು ಕಾಣತೊಡಗಿದ್ದು ಆ ವರ್ಷದ ಜುಲೈಯಿಂದಲೇ.

2015ರಲ್ಲಿ ನಿಜವಾದ ಯೋಗೀಶ ಬಂದ. ಕೊರಳಲ್ಲಿ ಕಂಪನಿಯ ಐಡಿ ಕಾರ್ಡು, ಕಿವಿಯ ಬಳಿ ಆಗಲೇ ನರೆ.

"ತಂಗಿ ಪ್ರೇಕ್ಷಾ ಹೊರಗೆ ಕೂತಿದ್ದಾಳೆ ಅಂಕಲ್. ನಿಮ್ಮಲ್ಲಿ ಐಟಿಗೆ ಸೇರ್ಸಿದ್ದೆ. ಈಗ ಥಾಣೆಯಲ್ಲಿ ಬಿಎ ಸೀಟ್ ಸಿಕ್ತಂತೆ, ಸರ್ಟಿಫಿಕೇಟ್ ಕೇಳ್ತಾಳೆ." ಆಮೇಲೆ ದನಿ ತಗ್ಗಿಸಿದ. "ಅವತ್ತು ಅಪ್ಪನಿಗೆ ಮಾಡಿಕೊಟ್ರಲ್ಲ, ಹಾಗೇ ಮಾಡಿ."

"ನಿನಗೆ ಗೊತ್ತಿತ್ತಾ?"

"ಕೀ ನಿಮ್ಮ ಕಿಸೆಯಲ್ಲೇ ಕಾಣ್ತಿತ್ತು. ಒಳ್ಳೇದೇ ಆಯ್ತು ಬಿಡಿ. ಫ್ಲ್ಯಾಟ್ ತಗೊಂಡೆ."

ಬೇರೆ ಯಾರದೋ ವಿಷಯ ಹೇಳುವವನಂತೆ ಹೇಳಿದ. ಬೆಂಚಿನ ಹುಡುಗನಿಗೆ ಎಂದೂ ಹೆದರದಷ್ಟು ನಾನು ಇವನಿಗೆ ಹೆದರಿದೆ.

ಕಪಾಟು ತೆರೆದು ಕಾಗದ ತೆಗೆದುಕೊಂಡು ಹೊರಗೆ ಹೋಗಿ ಪ್ರೇಕ್ಷಾಳ ಕೈಗಿಟ್ಟೆ. "ಓಡು ಮಗಾ, ಫಾಸ್ಟ್ ಲೋಕಲ್ ಹಿಡಿ." ಅವಳು ಅಣ್ಣನ ಕಡೆ ತಿರುಗಿಯೂ ನೋಡದೆ ಓಡಿದಳು.

ಯೋಗೀಶ ಬಾಗಿಲಲ್ಲಿ ನಿಂತಿದ್ದ. ಬೈಯುತ್ತಾನೆ ಎಂದುಕೊಂಡೆ. ಅವನು ಗೋಡೆಯ ಗಡಿಯಾರದ ಕಡೆ ನೋಡಿದ.

"ಹಾಗಾದ್ರೆ ನನಗ್ಯಾಕೆ ಕೊಡ್ಲಿಲ್ಲ ಅಂಕಲ್?"