ಓಕ್ಪುನಕ್ಕ ಕೊಟ್ಟ ಮಾತ್ರೆ

ಬೆಳ್ಳುಳ್ಳಿ ಕೀಳುವ ಕಾಲ ಬಂತೆಂದರೆ ನಮ್ಮೂರಿನಲ್ಲಿ ಮಂಡಿ ಹಿಡಿದುಕೊಳ್ಳದ ಹೆಂಗಸಿಲ್ಲ. ಕೂರಲು ಹಿಂಬದಿಗೆ ದಿಂಬು ಕಟ್ಟಿಕೊಂಡು ದಿನವಿಡೀ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತರೆ ಇನ್ನೇನಾಗುತ್ತದೆ? ಈ ಸಲ ನಮ್ಮ ಮಾಲ್ಸುನ್ ಪಟ್ಟಣದ ಆಸ್ಪತ್ರೆಗೆ ಹೋಗಿ ಚೀಟಿ ತಂದಳು. ಸಂಧಿವಾತ ಎಂದು ಬರೆದಿತ್ತು.

ಹಿರಿಯರೆಲ್ಲ ಸೇರುವ ಊರ ಕೋಣೆಯಲ್ಲಿ ಆ ಚೀಟಿ ಕೈಯಿಂದ ಕೈಗೆ ಹೋಯಿತು.

"ಅಯ್ಯೋ, ನಂದೂ ಇದೇ ಕಣೇ!" ಎಂದಳು ಓಕ್ಪುನಕ್ಕ. "ಹತ್ತು ವರ್ಷದಿಂದ ಬೆರಳೆಲ್ಲ ಸೊಟ್ಟ. ತಗೋ, ನನ್ನ ಮಾತ್ರೆ ಒಳ್ಳೇದು. ವಾರಕ್ಕೊಂದು."

ಆ ಕೋಣೆಯಲ್ಲಿ ಎಲೆಕೋಸಿನ ಖಾರದ ಉಪ್ಪಿನಕಾಯಿ ಕಿಮ್ಚಿ, ಗೆಣಸು, ನೋವಿಗೆ ಅಂಟಿಸುವ ಪಟ್ಟಿ ಎಲ್ಲವೂ ಎಲ್ಲರದ್ದು. ಮಾತ್ರೆಯೂ ಹಾಗೆಯೇ ಕೈ ಬದಲಾಯಿಸಿತು. ನಾನೂ ಅಲ್ಲೇ ಇದ್ದೆ, ಬಾಯಿ ಬಿಡಲಿಲ್ಲ.

"ನನ್ನ ಮಂಡಿ ವಾರಕ್ಕೊಂದಕ್ಕೆ ಕೇಳುತ್ತಾ?" ಎಂದು ಮಾಲ್ಸುನ್ ದಿನಕ್ಕೊಂದು ನುಂಗಿದಳು.

ಆರನೇ ದಿನ ಬಾಯಿ ತುಂಬ ಹುಣ್ಣು, ಗಂಜಿಯೂ ಇಳಿಯದು. ಬಿ.ಪಿ. ನೋಡಲು ಬಂದ ನರ್ಸ್ ಸೊನ್‌ಹಿ ಮಾತ್ರೆಯ ಹಾಳೆ ಕಂಡು ಬಿಳಿಚಿಕೊಂಡಳು.

"ಎಷ್ಟು ನುಂಗಿದ್ರಿ, ಅಮ್ಮಾ?"

"ಆರು."

ಅವಳು ತಕ್ಷಣ ಮಾಲ್ಸುನ್‌ಳನ್ನು ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದಳು. ಮಾಲ್ಸುನ್ ಹತ್ತು ದಿನ ಅಲ್ಲಿದ್ದಳು. ಬದುಕುತ್ತಾಳೋ ಇಲ್ಲವೋ ಎಂದು ನಮಗೆ ಅನ್ನ ಸೇರಲಿಲ್ಲ.

ಮನೆಗೆ ಬಂದ ಮೇಲೂ ಅವಳ ಗೊಂದಲ ಹೋಗಲಿಲ್ಲ. "ಅವಳದ್ದೂ ಕೀಲು, ನಂದೂ ಕೀಲು. ಕಾಯಿಲೆ ಹೆಸರೂ ಒಂದೇ. ಔಷಧಿ ಮಾತ್ರ ಬೇರೆ ಅಂದ್ರೆ ಹೇಗೆ?"

ನಿಜ ಹೇಳಬೇಕೆಂದರೆ ನನಗೂ ತಲೆಬುಡ ತಿಳಿದಿರಲಿಲ್ಲ.

ಅವಳನ್ನು ನೋಡಲು ಬಂದಿದ್ದ ಸೊನ್‌ಹಿ ಕೇಳಿದಳು, "ನಮ್ಮೂರಲ್ಲಿ ಕಿಮ್ ಮನೆತನದೋರು ಎಷ್ಟು ಜನ?"

"ಮುಕ್ಕಾಲು ಊರೇ ಕಿಮ್. ನಾನೂ ಕಿಮ್, ಓಕ್ಪುನಕ್ಕನೂ ಕಿಮ್," ಎಂದಳು ಮಾಲ್ಸುನ್.

"ಬರೀ ಕಿಮ್ ಅಂತ ಬರೆದ ಪಾರ್ಸೆಲ್ ಬಂದ್ರೆ?"

"ಅಂಚೆಯೋನು ಯಾರಿಗೆ ಅಂತ ಕೊಡ್ತಾನೆ, ಪಾಪ!"

"ಸಂಧಿವಾತ ಅನ್ನೋದೂ ಮನೆತನದ ಹೆಸರಿದ್ದ ಹಾಗೆ. ಕೀಲಲ್ಲಿ ನೋವು, ಊತ ಅಂತ ಅಷ್ಟೇ ಅರ್ಥ. ಅದರಲ್ಲಿ ನೂರು ಬಗೆ. ನಿಮ್ಮದು ಸವೆತದ್ದು, ದುಡಿದು ದುಡಿದು ಮಂಡಿ ಸವೆದಿದೆ. ಓಕ್ಪುನಮ್ಮಂದು ರುಮಟಾಯ್ಡ್. ಮೈ ಕಾಯೋ ಶಕ್ತಿನೇ ದಾರಿ ತಪ್ಪಿ ಕೀಲಿನ ಮೇಲೆ ಬಿದ್ದಿದೆ. ಅವರ ಮಾತ್ರೆ ಆ ಶಕ್ತಿನ ತಗ್ಗಿಸುತ್ತೆ. ಅದನ್ನ ದಿನಾ ನುಂಗಿದ್ರೆ ಮೈಯಲ್ಲಿ ಹೊಸ ರಕ್ತ ಹುಟ್ಟೋದೇ ಕಮ್ಮಿಯಾಗುತ್ತೆ, ಬಾಯೆಲ್ಲ ಹುಣ್ಣಾಗುತ್ತೆ."

ಮಾಲ್ಸುನ್ ಚೀಟಿ ತೆಗೆದಳು. ಸಂಧಿವಾತ ಅನ್ನುವುದಕ್ಕೆ ಮೊದಲು ಇನ್ನೊಂದು ಪದವಿತ್ತು, ಸವೆತದ ಎಂದು. ನಾವ್ಯಾರೂ ಅದನ್ನು ಓದಿರಲಿಲ್ಲ.

ಪಕ್ಕದಲ್ಲೇ ಕೂತಿದ್ದ ಓಕ್ಪುನಕ್ಕ ಅಳತೊಡಗಿದಳು. "ಕಿಮ್ಚಿ ಕೊಟ್ಟ ಹಾಗೆ ಕೊಟ್ಬಿಟ್ನಲ್ಲೇ!"

"ಅಳಬೇಡ ಅಕ್ಕ. ಕಿಮ್ಚಿನೇ ಕೊಡು. ಬಾಯಿ ಹುಣ್ಣು ವಾಸಿಯಾಗಿದೆ."

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಡಾಕ್ಟರು ಸಂಧಿವಾತ ಎಂದರೆ ಸುಮ್ಮನೆ ಎದ್ದು ಬರಬೇಡಿ. ಯಾವ ಸಂಧಿವಾತ ಎಂದು ಕೇಳಿ. ಮಾತ್ರೆ ದಿನಕ್ಕೋ ವಾರಕ್ಕೋ ಎಂದು ಬರೆಸಿಕೊಳ್ಳಿ. ನೆರೆಯವರ ಮಾತ್ರೆ ಎಷ್ಟೇ ಪ್ರೀತಿಯಿಂದ ಬಂದರೂ ನುಂಗಬೇಡಿ. ಅಂದು ನಾನು ಬಾಯಿ ಬಿಡಲಿಲ್ಲ. ನೀವಾದರೂ ಬಾಯಿ ಬಿಟ್ಟು ಕೇಳಿ.