ಬೆನ್ನಿಗೆ ಜೇಬಿದ್ದ ಕೋಟು

ವಿಮಾನದಲ್ಲಿ ಸೌಜನ್ಯಳನ್ನೇ ಯಾಕೆ ಕೂರಿಸುತ್ತೀರಿ ಎಂದು ಕೇಳಿದ್ದಕ್ಕೆ ಭಾರ್ಗವ್ ಸರ್, "ಅಕಿನೇ ಹಗುರ ಅದಾಳಲ್ರಿ" ಅಂದರು. ಅಷ್ಟೇ ಕಾರಣ. ಮಗಳಿಗೆ ಊಟ ಸೇರುವುದಿಲ್ಲ ಎಂದು ಇಷ್ಟು ವರ್ಷ ನಾನು ಒದ್ದಾಡಿದ್ದು ಇಂಥದ್ದಕ್ಕೆ ಅನುಕೂಲವಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು.

ಭಾರ್ಗವ್ ಹೊಸಪೇಟೆಯಲ್ಲಿ ಅವಳಿಗೆ ಡಿಪ್ಲೊಮಾ ಪಾಠ ಮಾಡಿದವರು. ಅವಳೀಗ ತೋರಣಗಲ್ಲಿನಲ್ಲಿ ಶಿಫ್ಟ್ ಕೆಲಸಕ್ಕಿದ್ದಾಳೆ. ರಜೆ ಸಿಕ್ಕರೆ ನಿದ್ದೆ ಮಾಡದೆ ಸರ್ ಶೆಡ್ಡಿಗೆ ಓಟ. ಅಲ್ಲಿ ಇಬ್ಬರೂ ಸೇರಿ ನೂರು ವರ್ಷಕ್ಕೂ ಹಳೆಯ ವಿಮಾನವೊಂದರ ನಕಲು ಕಟ್ಟುತ್ತಿದ್ದರು. ಪ್ಯಾರಿಸ್ಸಿನಲ್ಲಿದ್ದ ಬ್ರೆಜಿಲ್ಲಿನ ಸಣಕಲ ಮನುಷ್ಯನೊಬ್ಬ ಬಿದಿರು, ರೇಷ್ಮೆ ಬಟ್ಟೆ ಹಾಕಿ ಅದನ್ನು ಮಾಡಿದ್ದನಂತೆ. ಬೇಕಾದವರು ಕಟ್ಟಿಕೊಳ್ಳಲಿ ಎಂದು ನಕ್ಷೆಯನ್ನೂ ಬಿಟ್ಟುಕೊಟ್ಟನಂತೆ. ಅದರ ಫ್ರೆಂಚ್ ಹೆಸರಿಗೆ ನಮ್ಮ ಮಕ್ಕಳು ಏರೋಪ್ಲೇನ್ ಚಿಟ್ಟೆ ಅನ್ನುವ ಹುಳ ಅಂತಲೂ ಅರ್ಥವಿದೆಯಂತೆ. ನಾವು ಹುಳಕ್ಕೆ ವಿಮಾನದ ಹೆಸರಿಟ್ಟೆವು, ಅವರು ವಿಮಾನಕ್ಕೆ ಹುಳದ ಹೆಸರಿಟ್ಟರು.

ಬಿದಿರು ಕಟ್ಟಿಕೊಟ್ಟವನು ಕಂಪ್ಲಿಯಲ್ಲಿ ಹರಿಗೋಲು ಹೆಣೆಯುವ ಪಾಲಪ್ಪ. ಕೂರುವವರ ಕೋಟು ಹೊಲಿಯುವುದು, ಟೇಲರಿಂಗ್ ಅಂಗಡಿಯ ನನ್ನ ಪಾಲಿಗೆ ಬಂತು. ರೆಕ್ಕೆ ತಿರುಚಲು ಆ ವಿಮಾನದಲ್ಲಿ ಬೇರೆ ಹಿಡಿಕೆ ಇಲ್ಲ. ಸೀಟಿನ ಹಿಂದೊಂದು ಕೋಲು ನೆಟ್ಟಗೆ ನಿಂತಿರುತ್ತದೆ. ಕೂತವರ ಕೋಟಿನ ಬೆನ್ನಿಗೆ ಉದ್ದ ಜೇಬು ಹೊಲಿದು, ಆ ಕೋಲನ್ನು ಅದರೊಳಗೆ ಇಳಿಸಬೇಕು. ಎಡಕ್ಕೆ ವಾಲಿದರೆ ಕೋಲು ತಂತಿ ಎಳೆದು ರೆಕ್ಕೆ ಒಂದು ಕಡೆ ಬಾಗುತ್ತದೆ, ಬಲಕ್ಕೆ ವಾಲಿದರೆ ಇನ್ನೊಂದು ಕಡೆ. ಅಂದರೆ ನನ್ನ ಮಗಳು ನೆಟ್ಟಗೆ ಇರುವುದು ನನ್ನ ಹೊಲಿಗೆಯ ಮೇಲೆ. ಜೇಬಿಗೆ ಎರಡೆರಡು ಸಲ ಹೊಲಿಗೆ ಹಾಕಿದೆ. ಎಳೆದು ನೋಡಿದೆ. ಮತ್ತೊಮ್ಮೆ ಹಾಕಿದೆ.

ಭಾನುವಾರ ಬೆಳಿಗ್ಗೆ ಯಶವಂತನಗರದ ಹತ್ತಿರ, ಹಿಂದೆ ಅದಿರು ಸುರಿಯುತ್ತಿದ್ದ ಖಾಲಿ ಯಾರ್ಡಿಗೆ ಹೋದೆವು. ಉದ್ದಕ್ಕೂ ಸಮನೆಲ, ಕೆಂಪು ಧೂಳು. ಗಾಳಿ ಏಳುವುದರೊಳಗೆ ಮುಗಿಸಬೇಕು, ಮೊಣಕಾಲೆತ್ತರಕ್ಕೆ ಎದ್ದರೆ ಸಾಕು ಎಂದು ಭಾರ್ಗವ್ ಹತ್ತಾರು ಸಲ ಹೇಳಿದರು.

"ಹರಿಗೋಲು ಮಗಚಿದ್ರ ಈಜಬೌದು. ಇದು ಮಗಚಿದ್ರ ಏನ್ ಮಾಡ್ತೀ ತಂಗಿ?" ಅಂದ ಪಾಲಪ್ಪ.

"ನಿನ್ನ ಬಿದಿರು ಹಿಡ್ಕೊಂಡು ಅಳ್ತೀನಿ, ಕಾಕಾ."

ಎಂಜಿನ್ ಶುರುವಾಯಿತು. ಅವಳು ಓಡಿದಳು, ಅಂದರೆ ಅದು ಓಡಿತು. ನಡುದಾರಿಯಲ್ಲಿ ಬಲರೆಕ್ಕೆ ಕೆಳಗಾಯಿತು. ಸೌಜನ್ಯ ಎಡಕ್ಕೆ ವಾಲಿದ್ದು ನನಗೆ ಕಂಡಿತು, ಸರಿಯಾಗಿಯೇ ವಾಲಿದಳು. ರೆಕ್ಕೆ ಅಲುಗಲಿಲ್ಲ. ತುದಿ ನೆಲ ಗೀರಿ, ಇಡೀ ಹುಳ ಒಂದು ಸುತ್ತು ತಿರುಗಿ ಧೂಳಿನೊಳಗೆ ನಿಂತಿತು.

ಮೊಣಕೈ ತರಚಿತ್ತು, ಬೇರೇನೂ ಇಲ್ಲ. ಭಾರ್ಗವ್ ಅವಳ ಬೆನ್ನ ಹಿಂದೆ ಕೈ ಹಾಕಿ ಕೋಟಿನ ಬಟ್ಟೆ ಹಿಡಿದರು. ಮುಷ್ಟಿ ತುಂಬ ಬಂತು.

"ಕೋಟು ಸಡ್ಲ ಐತ್ರಿ. ಇಕಿ ಒಳಗ ವಾಲ್ಯಾಳ, ಕೋಟು ವಾಲಿಲ್ಲ."

ನನ್ನ ಕೈಗೆ ರೂಢಿಯಾದದ್ದು ಶಾಲೆ ಮಕ್ಕಳ ಯೂನಿಫಾರ್ಮಿನ ಅಳತೆ. ಜೂನಿನಲ್ಲಿ ಹೊಲಿದದ್ದು ಮುಂದಿನ ವರ್ಷಕ್ಕೂ ಬರಬೇಕು, ಅದಕ್ಕೆ ಟೇಪು ಹೇಳಿದ್ದಕ್ಕಿಂತ ಎರಡು ಬೆರಳು ಹೆಚ್ಚಿಗೆ ಹಿಡಿಯುತ್ತೇನೆ, ಯೋಚಿಸುವುದೇ ಇಲ್ಲ. ಮಗಳು ಬೆಳೆದು ನಿಂತಿದ್ದಾಳೆ ಎಂದು ಕೈಗೆ ಯಾರೂ ಹೇಳಿರಲಿಲ್ಲ.

ಸೌಜನ್ಯ ನನ್ನ ಮುಖವನ್ನೇ ನೋಡುತ್ತಿದ್ದಳು. "ಬೇಕಂತ ಮಾಡಿದ್ಯೇನವ್ವಾ?"

"ಇಲ್ಲ."

"ನಾ ಹೋಗೋದು ನಿನಗ ಬ್ಯಾಡಾಗಿತ್ತು."

"ಬ್ಯಾಡಾಗಿತ್ತು, ಖರೇ. ಆದ್ರ ಹಂಗ ಹೊಲಿಯೋ ತಾಯಿ ನಾನಲ್ಲ."

ಅವಳು ನಂಬಿದಳೋ ಇಲ್ಲವೋ. ಪಾಲಪ್ಪ ಸೀಳಿದ ರೆಕ್ಕೆತುದಿಗೆ ಹುರಿ ಸುತ್ತತೊಡಗಿದ. ಕೋಟನ್ನು ಮನೆಗೆ ಒಯ್ದು ಮಷಿನ್ ಮೇಲೆ ಬಿಗಿ ಮಾಡಿಕೊಡುತ್ತೇನೆ, ಮುಂದಿನ ರಜೆಗೆ ನೋಡೋಣ ಅಂದೆ. ಮುಂದಿನ ರಜೆ ಯಾವಾಗ ಎಂದು ಕಂಪನಿಗೇ ಗೊತ್ತಿಲ್ಲ, ಅದೂ ನನಗೆ ಗೊತ್ತಿತ್ತು.

"ಬ್ಯಾಡ ಬಿಡು," ಅಂದಳು. ದುಪಟ್ಟಾದಿಂದ ಪಿನ್ನುಗಳನ್ನು ಕಿತ್ತು ಕೋಟಿನ ಪಕ್ಕಕ್ಕೆ ಚುಚ್ಚಿಕೊಳ್ಳತೊಡಗಿದಳು. "ಇವು ಸಾಕು ನನಗ."

ಪಿನ್ನು. ಒಂದು ಎಳೆತಕ್ಕೆ ಬಾಯಿ ಬಿಡುತ್ತವೆ. ಅವಳು ಹೋಗಿಯೇ ಹೋಗುತ್ತಾಳೆ, ಪಿನ್ನಿನಲ್ಲಿ ಹೋಗುತ್ತಾಳೆ. ನಾನು ಚೀಲದಿಂದ ಸೂಜಿ, ಕಾಜಾ ಹಾಕುವ ದಪ್ಪ ದಾರ ತೆಗೆದೆ.

"ಬಿಚ್ಚಿಕೊಡ್ಲೇನು?"

"ಬಿಚ್ಚಿದ್ರ ಮೈ ಅಳತಿ ತಪ್ಪತೈತಿ. ನಿಂದ್ರು."

ಉಟ್ಟ ಬಟ್ಟೆಗೆ ಹೊಲಿಗೆ ಹಾಕಬಾರದು, ಅಪಶಕುನ. ಗುಂಡಿ ಹರಿದರೂ ಬಿಚ್ಚಿಸಿಯೇ ಹೊಲಿಯುತ್ತೇನೆ, ಅಂಗಡಿಗೆ ಬಂದವರು ನಗುತ್ತಾರೆ. ಪಾಲಪ್ಪ ನನ್ನ ಕೈಯಲ್ಲಿ ಸೂಜಿ ಕಂಡು ಮುಖ ತಿರುಗಿಸಿದ. ಒಂದು ಎಳೆ ದಾರ ಹರಿದು ಅವಳ ಬಾಯಿಗೆ ಕೊಟ್ಟೆ. ಹಾಗೆ ಕಚ್ಚಿಕೊಂಡರೆ ದೋಷವಿಲ್ಲ ಅನ್ನುತ್ತಾರೆ. ಅವಳು ಹಲ್ಲಿಗಿಟ್ಟುಕೊಂಡಳು.

ಉಸಿರು ಬಿಡು ಅಂದೆ. ಬಿಟ್ಟಳು. ಪಕ್ಕೆಲುಬಿನ ಗುಂಟ ಬಟ್ಟೆ ಜಗ್ಗಿ, ಒಂದೊಂದೇ ಹೊಲಿಗೆ, ಎರಡೂ ಮಗ್ಗುಲು. ಒಂದು ಬೆರಳೂ ತೂರದ ಹಾಗೆ. ಬಟ್ಟೆಯ ಕೆಳಗೆ ಅವಳ ಎದೆ ಹೊಡೆದುಕೊಳ್ಳುತ್ತಿದ್ದುದು ಸೂಜಿಗೆ ತಾಗುತ್ತಿತ್ತು. ನನಗಿಂತ ಹೆಚ್ಚು ಅವಳೇ ಹೆದರಿದ್ದಳು.

ಅವಳು ಕೂತು ವಾಲಿದಾಗ ರೆಕ್ಕೆ ಬಾಗಿತು. ಇನ್ನೊಂದು ಕಡೆ ವಾಲಿದಳು, ಆ ಕಡೆಗೂ ಬಾಗಿತು. ಭಾರ್ಗವ್ ನನ್ನತ್ತ ನೋಡಿದರು. ನಾನು ನೋಡಲಿಲ್ಲ.

ಈ ಸಲ ಚಕ್ರದ ಹಿಂದೆ ಧೂಳು ಉದ್ದಕ್ಕೆ ಎದ್ದು ಬಂತು, ಆಮೇಲೆ ಫಕ್ಕನೆ ನಿಂತಿತು. ವಿಮಾನವೇ ನಿಂತಿತೆಂದು ನಾನು ಎರಡು ಹೆಜ್ಜೆ ಓಡಿದೆ. ಅದು ನೆಲ ಬಿಟ್ಟಿತ್ತು. ಬಲರೆಕ್ಕೆ ಮತ್ತೆ ಇಳಿಯಿತು, ಅವಳು ವಾಲಿದಳು, ರೆಕ್ಕೆ ಮೇಲೆ ಬಂತು. ಮೊಣಕಾಲೆತ್ತರ ದಾಟಿ, ಸೊಂಟ ದಾಟಿ, ಆಮೇಲೆ ಚಕ್ರ ತಟತಟನೆ ನೆಲಕ್ಕೆ ಕುಟ್ಟಿ ಧೂಳು ಮತ್ತೆ ಎದ್ದಿತು.

ನಾನು ತಲುಪುವಾಗ ಅವಳ ಬಾಯಿಯಲ್ಲಿ ಆ ದಾರ ಇರಲಿಲ್ಲ. ನುಂಗಿದಳೋ, ಹಾರಿತೋ. ಹೊಲಿಗೆ ಮುಟ್ಟಿ ನೋಡಿದೆ. ಒಂದೂ ಬಿಟ್ಟಿರಲಿಲ್ಲ. ಕತ್ತರಿ ತೆಗೆದೆ.

"ಕತ್ತರಸಬ್ಯಾಡವ್ವಾ," ಅಂದಳು, ಏದುಸಿರು ಬಿಡುತ್ತ. "ಗಾಳಿ ಇನ್ನೂ ಎದ್ದಿಲ್ಲ."