ನಾಳೆ ಹೊರಡುವ ನೆಂಟರು

ನಮ್ಮತ್ತೆ ನಮ್ಮ ಜೊತೆ ಇರಲು ಬಂದು ಮೂರು ವರ್ಷವಾಗಿತ್ತು. ಆದರೆ ಮನೆ ಮಾಲೀಕರ ಪಾಲಿಗೆ ಅವರು ಯಾವಾಗಲೂ ನಿನ್ನೆ ಬಂದವರು. ಬಾಡಿಗೆಗೆ ಕೊಡುವಾಗಲೇ ಮಾಲೀಕರು ಕಡ್ಡಿ ಮುರಿದ ಹಾಗೆ ಹೇಳಿದ್ದರು: "ನಾಲ್ಕೇ ಜನ. ಐದನೆಯೋರು ಬಂದ್ರೆ ನೀರಿನ ಟ್ಯಾಂಕು ಸಾಲಲ್ಲ." ನಾನು, ನನ್ನ ಗಂಡ, ಇಬ್ಬರು ಹೆಣ್ಣುಮಕ್ಕಳು, ಅಲ್ಲಿಗೆ ನಾಲ್ಕಾಯಿತು. ಮಾವ ತೀರಿಕೊಂಡ ಮೇಲೆ ಅತ್ತೆಯನ್ನು ಎಲ್ಲಿ ಬಿಡುವುದು? ಮೂರನೇ ಮಹಡಿ, ಒಂದು ಕೋಣೆ, ಒಂದು ಅಡುಗೆಮನೆ. ರಾತ್ರಿ ಪಾತ್ರೆ ತೊಳೆದು ಎತ್ತಿಟ್ಟ ಮೇಲೆ ಅಡುಗೆಮನೆಯಲ್ಲಿ ಅತ್ತೆಗೆ ಕಾಲು ಚಾಚುವಷ್ಟು ಜಾಗವಾಗುತ್ತಿತ್ತು.

ಹದಿನೈದು ದಿನಕ್ಕೊಮ್ಮೆ ಅವರದೊಂದು ನಾಟಕ. ಬೆಳಗ್ಗೆ ಚೀಲ ಹಿಡಿದು ಇಳಿದು, ಮಾಲೀಕರ ಬಾಗಿಲ ಮುಂದೆ ನಿಂತು, "ಬರ್ತೀನಮ್ಮಾ, ಮೊಮ್ಮಕ್ಕಳನ್ನ ನೋಡಿದ್ದಾಯ್ತು" ಎಂದು ಒಳಗೆ ಕೇಳಿಸುವಂತೆ ಹೇಳಿ ಹೊರಡುವುದು. ಇಡೀ ದಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದು, ಸಂಜೆ ಅದೇ ಚೀಲದೊಂದಿಗೆ ಏದುಸಿರು ಬಿಡುತ್ತಾ ಬಂದು, "ಉಸ್ಸಪ್ಪಾ, ಏನು ದೂರ ನಿಮ್ಮೂರು!" ಎನ್ನುವುದು. ಚೀಲದಲ್ಲಿ ಇರುತ್ತಿದ್ದದ್ದು ಒಂದು ದಿಂಬು. ನನಗೆ ನಗು ಬರುತ್ತಿತ್ತು, ನಕ್ಕ ಮೇಲೆ ನನ್ನ ಮೇಲೇ ಸಿಟ್ಟು ಬರುತ್ತಿತ್ತು. ಮಕ್ಕಳಿಗಂತೂ ಪಾಠ ಬಾಯಿಗೇ ಬಂದುಬಿಟ್ಟಿತ್ತು. ಅಜ್ಜಿ ನಿನ್ನೆ ಬಂದರು, ನಾಳೆ ಹೋಗುತ್ತಾರೆ.

ಹೀಗಿರುವಾಗ ವಸತಿ ಇಲಾಖೆಯವರು ದುಡಿಯುವ ಕುಟುಂಬಗಳಿಗೆಂದು ಮನೆ ಕಟ್ಟಿಸಿದರು. ಬಾಡಿಗೆ ಸಂಬಳದ ಕಾಲು ಭಾಗ ಮೀರುವುದಿಲ್ಲ, ಮನೆ ಬಿಡಿ ಎಂದು ಯಾರೂ ಎಬ್ಬಿಸುವುದಿಲ್ಲ. ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸು ಹೊದಿಕೆ ಇಸ್ತ್ರಿ ಮಾಡುವವಳು, ನನ್ನ ಗಂಡ ಬಸ್ ಡ್ರೈವರ್. ನಮ್ಮಂಥವರಿಗೆಂದೇ ಕಟ್ಟಿದ ಹಾಗಿತ್ತು. ಐದು ಜನರಿದ್ದರೆ ಎರಡು ಕೋಣೆಯ ಮನೆ ಈ ಸಲವೇ ಸಿಗುತ್ತದೆ, ನಾಲ್ಕು ಜನರ ಪಟ್ಟಿ ಆಗಲೇ ಭರ್ತಿಯಾಗಿದೆ ಎಂದರು. ಅರ್ಜಿಯಲ್ಲಿ ಐದು ಎಂದು ಬರೆದೆ. ಮೂರು ವರ್ಷದಲ್ಲಿ ಮೊದಲ ಸಲ ನಿಜ ಬರೆದದ್ದಕ್ಕೋ ಏನೋ, ಅದನ್ನೇ ಎರಡು ಸಲ ಓದಿ ನೋಡಿದೆ.

ಅಂದಿನಿಂದ ನಿಂತಲ್ಲಿ ನಿಲ್ಲಲಾರೆ, ಕೂತಲ್ಲಿ ಕೂರಲಾರೆ. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾದರೆ ತಲೆ ಎಣಿಸಲು ಇಲಾಖೆಯ ತಪಾಸಣೆಯವರೇ ಬಂದರೆಂದು ಸೌಟು ಹಿಡಿದೇ ಬಾಗಿಲಿಗೆ ಓಡುತ್ತಿದ್ದೆ. ಅವರು ಬಂದದ್ದು ಮಾತ್ರ ಒಂದು ಮಧ್ಯಾಹ್ನ, ಪಾಳಿ ಮುಗಿಸಿ ಬಂದು ನಾನು ಸ್ನಾನಕ್ಕೆ ಹೋದಾಗ.

"ನೀವು ಯಾರಮ್ಮಾ?" ಗಂಡಸಿನ ದನಿ.

"ನೆಂಟರು ಸಾರ್. ನಿನ್ನೆ ಬಂದೆ, ನಾಳೆ ಹೊರಟುಬಿಡ್ತೀನಿ."

"ಅತ್ತೇ!" ಎಂದು ಕಿರುಚಿಕೊಂಡು ಸೀರೆ ಸುತ್ತಿ ಬರುವಷ್ಟರಲ್ಲಿ ಅತ್ತೆ ಚೀಲವನ್ನೂ ತಂದು ತೋರಿಸಿಯಾಗಿತ್ತು. ಅದು ಸಾಲದೆಂದು ನನ್ನ ಚಿಕ್ಕ ಮಗಳು, "ಹೌದು ಅಂಕಲ್, ಅಜ್ಜಿ ನಿನ್ನೆ ಬಂದ್ರು" ಎಂದು ಪಾಠ ಒಪ್ಪಿಸಿದಳು. ತಪಾಸಣೆಯವನು ಫೈಲಿನಲ್ಲಿ ನಾಲ್ಕು ಎಂದು ಬರೆದುಕೊಳ್ಳುತ್ತಿದ್ದ.

"ಸಾರ್, ಇವರು ನಮ್ಮನೆಯೋರೇ. ಮೂರು ವರ್ಷದಿಂದ ಇಲ್ಲೇ ಇದಾರೆ. ಮಾಲೀಕರಿಗೆ ಹೆದರಿ ಹಾಗಂದ್ರು."

ಅವನು ನಕ್ಕ. "ಬೇರೆ ಮನೆಗಳಲ್ಲಿ ಐದು ಜನ ಆಗ್ಲಿ ಅಂತ ಪಕ್ಕದ ಬೀದಿಯಿಂದ ಅಜ್ಜೀನ ಕರ್ಕೊಂಡು ಬಂದು ಕೂರಿಸಿರ್ತಾರಮ್ಮ. ಈ ವಾರದಲ್ಲಿ ನಿಜ ಹೇಳಿದ್ದು ನಿಮ್ಮತ್ತೆ ಒಬ್ಬರೇ. ಅವರ ಬಾಯಿ ಯಾಕೆ ಮುಚ್ಚಿಸ್ತೀರಿ?" ಆಮೇಲೆ ನನ್ನ ಮುಖ ನೋಡಿ ಪಾಪವೆನ್ನಿಸಿರಬೇಕು. "ಐದು ಜನ ಇದೀರಿ ಅಂತ ಮಾಲೀಕರ ಹತ್ರ ಪತ್ರ ಬರೆಸಿ, ಅಜ್ಜೀನೂ ಕರ್ಕೊಂಡು ಆಫೀಸಿಗೆ ಬನ್ನಿ. ಇವತ್ತು ಸಂಜೆ ಐದಕ್ಕೆ ಪಟ್ಟಿ ಮುಗಿಯತ್ತೆ."

ಅವನು ಇಳಿದು ಹೋದ ಮೇಲೆ ನಾನು ಅತ್ತೆಯ ಮೇಲೆ ಹರಿಹಾಯ್ದೆ. "ನೂರು ಸಲ ಹೇಳಿದ್ನಲ್ಲ, ಅರ್ಜಿಯೋರು ಬಂದ್ರೆ ಮಾತ್ರ ನಿಜ ಹೇಳಿ ಅಂತ!"

"ಫೈಲು ಹಿಡ್ಕೊಂಡಿದ್ನಲ್ಲೇ, ಮಾಲೀಕರ ಕಡೆಯೋನು ಅಂದ್ಕೊಂಡೆ. ಬಾಯಿಗೆ ಅದೇ ಬಂತು," ಎಂದರು ಅತ್ತೆ. ಆಮೇಲೆ ಮೆಲ್ಲಗೆ, "ನಾನು ನಿಜವಾಗ್ಲೂ ಹೊರಟುಹೋಗ್ಲಾ?"

"ಎಲ್ಲಿಗೆ?" ಎಂದೆ.

ಗಂಡನಿಗೆ ಫೋನು ಮಾಡಿದೆ. ಡ್ಯೂಟಿಯಲ್ಲಿ ಫೋನು ಎತ್ತುವ ಹಾಗಿಲ್ಲ ಎಂದು ಗೊತ್ತಿದ್ದೂ ನಾಲ್ಕು ಸಲ ಮಾಡಿದೆ. ಗಂಟೆ ಎರಡೂವರೆ ದಾಟಿತ್ತು. ಕೆಳಗಿಳಿದು ಮಾಲೀಕರ ಬಾಗಿಲು ತಟ್ಟಿ, ಉಸಿರು ತೆಗೆದುಕೊಳ್ಳದೆ ಎಲ್ಲವನ್ನೂ ಒದರಿಬಿಟ್ಟೆ.

ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ತಿರುಗಿಸಿ ಆಡಬಹುದಿತ್ತು. "ನನ್ನ ಹೆಂಡತಿ ನಿಮ್ಮತ್ತೆಗೆ ಎಷ್ಟು ಸಲ ಕಾಫಿ ಕೊಟ್ಟಿದಾಳೆ. ನೆಂಟರು ಅಂತ," ಎಂದರು.

"ತಪ್ಪಾಯ್ತು ಸಾರ್."

"ಎರಡನೇ ಮಹಡಿಯೋರು ತಮ್ಮ ತಂದೇನ ಕರ್ಕೊಂಡು ಬರ್ತೀವಿ ಅಂದಾಗ ಆಗಲ್ಲ ಅಂದಿದ್ದೆ. ಈಗ ಅವರಿಗೆ ಯಾವ ಮುಖ ತೋರಿಸಲಿ? ಪತ್ರ ಬರೆದುಕೊಡ್ತೀನಿ. ಇರೋದನ್ನ ಇಲ್ಲ ಅನ್ನಲ್ಲ. ಆದ್ರೆ ತಿಂಗಳ ಕೊನೆಗೆ ಮನೆ ಖಾಲಿ ಮಾಡಿ."

ತಿಂಗಳ ಕೊನೆಗೆ ಹನ್ನೆರಡು ದಿನವಿತ್ತು. ಇಲಾಖೆಯ ಮನೆಗೆ ಇನ್ನೂ ಕಿಟಕಿ ಕೂಡಿಸಿರಲಿಲ್ಲ, ಕೀಲಿ ಸಿಗಲು ಏನಿಲ್ಲವೆಂದರೂ ಐದು ತಿಂಗಳು. ಪತ್ರ ಬೇಡವೆಂದರೆ? ಮಾಲೀಕರಿಗೆ ಈಗ ಗೊತ್ತಾಗಿತ್ತು. ಇಲ್ಲಿ ಉಳಿಯಬೇಕೆಂದರೆ ಅತ್ತೆ ಹೋಗಲೇಬೇಕು. ಗಂಡನನ್ನು ಕೇಳದೆ ಇಂಥದ್ದನ್ನು ನಿರ್ಧರಿಸಬಹುದೇ ಎಂದು ಒಂದು ಕ್ಷಣ ಒದ್ದಾಡಿದೆ.

"ಬರೆದುಕೊಡಿ ಸಾರ್," ಎಂದೆ.

ಅತ್ತೆಯನ್ನು ಕರೆದುಕೊಂಡು ಹತ್ತಿದ ಬಸ್ಸಿನಲ್ಲಿ ಸೀಟಿದ್ದರೂ ನನಗೆ ಕೂರಲಾಗಲಿಲ್ಲ. ಪ್ರತಿ ಸಿಗ್ನಲ್ಲಿನಲ್ಲೂ ಡ್ರೈವರನ್ನು ಮನಸ್ಸಿನಲ್ಲೇ ಬೈದೆ. ನನ್ನ ಗಂಡನನ್ನೂ ದಿನಾ ಯಾರೋ ಹೀಗೇ ಬೈಯುತ್ತಿರುತ್ತಾರೆ. ತಿಂಗಳ ಕೊನೆಯ ಮಾತನ್ನು ಅತ್ತೆಗೆ ಹೇಳಿರಲಿಲ್ಲ. ಹೇಳಿದ್ದರೆ ಅವರು ಮುಂದಿನ ನಿಲ್ದಾಣದಲ್ಲೇ ಇಳಿದುಬಿಡುತ್ತಿದ್ದರು.

ಆಫೀಸಿನ ಕಿಟಕಿಗೆ ತಲುಪಿದಾಗ ಐದಕ್ಕೆ ಹನ್ನೊಂದು ನಿಮಿಷ. ಗುಮಾಸ್ತೆ ಪತ್ರವನ್ನು ಎರಡು ಸಲ ಓದಿ, ತಪಾಸಣೆಯವನ ಫೈಲು ತೆಗೆದು, ಅತ್ತೆಯ ಕಡೆ ತಿರುಗಿದಳು. "ನೀವೇ ಹೇಳಬೇಕು ಅಜ್ಜಿ. ನೀವು ವಾಸ ಇರೋದು ಎಲ್ಲಿ?"

"ನಿನ್ನೆ..." ಎಂದು ಶುರು ಮಾಡಿದ ಅತ್ತೆ ತಟ್ಟನೆ ನಿಲ್ಲಿಸಿದರು. ನನಗೆ ಅವರ ಭುಜ ಹಿಡಿದು ಅಲ್ಲಾಡಿಸಬೇಕೆನ್ನಿಸಿತು. ಹಿಂದಿದ್ದವರೊಬ್ಬರು "ಬೇಗ ಹೇಳ್ರೀ" ಎಂದರು.

"ಇವಳು ಎಲ್ಲಿರ್ತಾಳೋ ಅಲ್ಲಿ," ಎಂದರು ಅತ್ತೆ, ನನ್ನ ತೋಳು ಹಿಡಿದು.

ಗುಮಾಸ್ತೆ ನಕ್ಕಳು. ನಾಲ್ಕನ್ನು ಹೊಡೆದುಹಾಕಿ ಪಕ್ಕದಲ್ಲಿ ಐದು ಎಂದು ಬರೆದು ಸೀಲು ಒತ್ತಿದಳು. "ಅದು ವಿಳಾಸ ಆಗಲ್ಲ ಅಜ್ಜಿ. ಕೀಲಿ ತಗೊಳ್ಳೋಕೆ ಬನ್ನಿ ಅಂತ ನಿಮಗೆ ಕಾಗದ ಕಳಿಸ್ಬೇಕಲ್ಲ. ಇನ್ನು ಐದಾರು ತಿಂಗಳು ನೀವು ಇರೋ ಮನೆ ನಂಬರ್ ಹೇಳಿ."

ಅತ್ತೆ ನನ್ನ ಮುಖ ನೋಡಿದರು. ನಾನು, ಇನ್ನು ಹನ್ನೆರಡು ದಿನ ಮಾತ್ರ ನಮ್ಮದಾಗಿದ್ದ ನಂಬರನ್ನು, ತಡವರಿಸದೆ ಹೇಳಿದೆ.